ಯಂತ್ರವನ್ನು ವರ್ಣಿಸುವ ಭಾಷೆ

ಬೀದರಿನ ಕೋಟೆಯನ್ನು ನೋಡದ ವಿದ್ಯಾರ್ಥಿಗಳು ನಮ್ಮ ಜಿಲ್ಲೆಯಲ್ಲಿ ವಿರಳವೆಂದೇ ಹೇಳಬೇಕು. ಊರಿನ ಕಡೆಯಿಂದ ಕೋಟೆಯನ್ನು ಹೊಗುವವರು ಶರ್ಜಾ ದರವಾಜವನ್ನು ದಾಟಿ, ಅನಂತರ ಗುಂಬದ್ ದರವಾಜವನ್ನೂ ದಾಟಬೇಕು. ಎರಡೂ ಬಾಗಿಲುಗಳು ತೆರೆದಿದ್ದರೆ ಮಾತ್ರ ಒಳಗೆ ಪ್ರವೇಶ. ಒಂದು ಮುಚ್ಚಿದ್ದರೂ ಇನ್ನೊಂದು ತೆರೆದಿದ್ದು ಪ್ರಯೋಜನವಿಲ್ಲ. ಆದರೆ ಕೋಟೆಗೆ ಬೇರೆ ದಿಕ್ಕುಗಳಲ್ಲಿಯೂ ದ್ವಾರಗಳುಂಟು. ಮಾಂಡು ದರವಾಜ, ದಿಲ್ಲಿ ದರವಾಜ ಮುಂತಾದುವು ಅಂಥವು. ಅವುಗಳಲ್ಲಿ ಯಾವುದಾದರೂ ಒಂದು ದಾರಿ ತೆರವಾಗಿದ್ದರೆ ಸಾಕು, ಹೊರಗಿನವನು ಒಳಗೆ ಬರಬಲ್ಲನು.

ಹೀಗೆ ಬಾಗಿಲುಗಳನ್ನು ಜೋಡಿಸುವುದರಲ್ಲಿ ಎರಡು ಕ್ರಮಗಳಿವೆ ಎಂದಾಯಿತು. ಒಂದರ ಹಿಂದೆ ಒಂದನ್ನಿಟ್ಟರೆ ‘ಇದೂ ಅದೂ’ ಎಂಬ ಕಟ್ಟಳೆ. ಬೇರೆ ಬೇರೆ ದಾರಿಗಳಲ್ಲಿಟ್ಟರೆ ‘ಇದೋ ಅದೋ’ ಎಂಬ ಕಟ್ಟಳೆ. ಇಂದಿನ ಗಣಕಯಂತ್ರದ ಹೃದಯದಲ್ಲಿರುವ ವಿದ್ಯುನ್ಮಂಡಲಗಳೂ ಇಂಥ ಬಾಗಿಲುಗಳಿಂದಲೇ ಆದುವು. ಅವುಗಳಿಗೆ ‘ತರ್ಕದ್ವಾರ’ಗಳೆಂದೇ ಹೆಸರು. ಕೋಟೆಯ ಬಾಗಿಲಿನಲ್ಲಿ ಮನುಷ್ಯರು ನಡೆದರೆ ಇಲ್ಲಿ ವಿದ್ಯುತ್ತು ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಈ ದ್ವಾರಗಳನ್ನು ಜೋಡಿಸುವ ವಿದ್ಯೆಯನ್ನು ವಿದ್ಯಾರ್ಥಿಗಳಿಗೆ ಕಲಿಸುವ ಬಗೆ ನಮ್ಮ ಕಣ್ಣೆದುರಿಗೇ ಬದಲಾಗಿದೆ. ಹಿಂದೆ ತಂತಿಗಳನ್ನು ಸಿಕ್ಕಿಸಿ ಕಲಿಸುತ್ತಿದ್ದುದನ್ನು ಈಗ ಬಹುಮಟ್ಟಿಗೆ ಬರೆಯಿಸಿ ಕಲಿಸುತ್ತಾರೆ. ಯಂತ್ರವನ್ನು ಬರೆಯುವುದೆಂದರೇನು? ಬರೆದದ್ದು ಯಂತ್ರವಾಗುವುದು ಹೇಗೆ? ಈ ಮಾರ್ಗದಲ್ಲಿ ಲಾಭವೆಷ್ಟು, ಅಪಾಯವೆಷ್ಟು? ಇವನ್ನು ಈ ಲೇಖನದಲ್ಲಿ ವಿಚಾರಿಸೋಣ.

ಎರಡು ಅಂಕೆಗಳ ತರ್ಕ

1854ರಲ್ಲಿ ಜಾರ್ಜ್ ಬೂಲ್ ಎಂಬ ಆಂಗ್ಲ ಗಣಿತಜ್ಞನು ಮನುಷ್ಯನ ತರ್ಕವನ್ನು ಬೀಜಗಣಿತದ ರೂಪದಲ್ಲಿ ಬರೆಯಬಹುದೆಂದು ವಿಸ್ತಾರವಾಗಿ ತೋರಿಸಿದನು. ಒಂದು ಹೇಳಿಕೆ ನಿಜವಾದರೆ 1, ಸುಳ್ಳಾದರೆ 0. ಈ ಎರಡೇ ಅಂಕೆಗಳ ಗಣಿತವು ಬಹುಕಾಲ ತತ್ತ್ವಶಾಸ್ತ್ರಜ್ಞರ ಕುತೂಹಲದ ವಸ್ತುವಾಗಿ ಉಳಿದಿತ್ತು. 1937ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಇಪ್ಪತ್ತೊಂದು ವರ್ಷದ ಕ್ಲಾಡ್ ಶಾನನ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಒಂದು ಮಹತ್ತ್ವದ ಮಾತನ್ನು ಹೇಳಿದನು. ದೂರವಾಣಿ ಕೇಂದ್ರಗಳಲ್ಲಿ ತೆರೆದು ಮುಚ್ಚುವ ರಿಲೇ ಸ್ವಿಚ್ಚುಗಳ ಜಾಲವೂ ಬೂಲನ ಬೀಜಗಣಿತವೂ ಒಂದೇ ಎಂಬುದು ಅವನು ಕಂಡುಕೊಂಡ ಸತ್ಯ. ಅಂದಿನಿಂದ ಮಂಡಲಗಳನ್ನು ಊಹೆಯಿಂದಲ್ಲದೆ ಲೆಕ್ಕದಿಂದ ರಚಿಸುವುದು ಸಾಧ್ಯವಾಯಿತು.

ಮನೆಯಲ್ಲಿಯೇ ಇರುವ ಒಂದು ನಿದರ್ಶನವನ್ನು ನೋಡೋಣ. ಮಹಡಿಯ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ಚು ಇರುವುದಷ್ಟೆ. ಯಾವುದನ್ನು ಒತ್ತಿದರೂ ದೀಪದ ಸ್ಥಿತಿ ಬದಲಾಗುತ್ತದೆ. ವಿಚಾರಿಸಿ ನೋಡಿದರೆ, ಎರಡು ಸ್ವಿಚ್ಚುಗಳೂ ಒಂದೇ ಸ್ಥಿತಿಯಲ್ಲಿದ್ದಾಗ ದೀಪ ಆರಿರುತ್ತದೆ. ಅವು ಭಿನ್ನವಾಗಿದ್ದಾಗ ಉರಿಯುತ್ತದೆ. ಇದಕ್ಕೆ ‘ಭಿನ್ನತಾ ದ್ವಾರ’ ಎನ್ನೋಣ. ಈಗ ದ್ವಿಮಾನ ಪದ್ಧತಿಯ ಸಂಕಲನವನ್ನು ಜ್ಞಾಪಿಸಿಕೊಳ್ಳಿ. ಸೊನ್ನೆಗೆ ಸೊನ್ನೆ ಕೂಡಿದರೆ ಸೊನ್ನೆ. ಸೊನ್ನೆಗೆ ಒಂದು ಕೂಡಿದರೆ ಒಂದು. ಒಂದಕ್ಕೆ ಒಂದು ಕೂಡಿದರೆ ಆ ಸ್ಥಾನದಲ್ಲಿ ಸೊನ್ನೆ ಉಳಿದು, ಮುಂದಿನ ಸ್ಥಾನಕ್ಕೆ ಒಂದು ಹೋಗುತ್ತದೆ. ಅಂದರೆ ಆ ಸ್ಥಾನದಲ್ಲಿ ಉಳಿಯುವ ಅಂಕೆಯು ಮೆಟ್ಟಿಲಿನ ದೀಪದಂತೆ; ಮುಂದಕ್ಕೆ ಒಯ್ಯುವ ಅಂಕೆಯು ಕೋಟೆಯ ಎರಡು ಬಾಗಿಲುಗಳಂತೆ. ಒಂದು ಭಿನ್ನತಾ ದ್ವಾರ, ಒಂದು ‘ಇದೂ ಅದೂ’ ದ್ವಾರ, ಇವೆರಡಿದ್ದರೆ ಒಂದೊಂದಂಕೆಯ ಎರಡು ಸಂಖ್ಯೆಗಳನ್ನು ಕೂಡುವ ಯಂತ್ರ ಸಿದ್ಧವಾಯಿತು. ಇದಕ್ಕೆ ಅರ್ಧ ಸಂಕಲಕವೆಂದು ಹೆಸರು.

ತಂತಿಯಿಂದ ಬರಹಕ್ಕೆ

1960ರ ದಶಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ತರ್ಕದ್ವಾರಗಳನ್ನು ಚಿಕ್ಕ ಚಿಪ್ಪುಗಳಲ್ಲಿ ಅಡಕಮಾಡಿ ಮಾರತೊಡಗಿತು. 7408 ಎಂಬ ಸಂಖ್ಯೆಯ ಚಿಪ್ಪಿನಲ್ಲಿ ‘ಇದೂ ಅದೂ’ ದ್ವಾರಗಳು ನಾಲ್ಕು, 7486ರಲ್ಲಿ ಭಿನ್ನತಾ ದ್ವಾರಗಳು ನಾಲ್ಕು. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ರಂಧ್ರಗಳುಳ್ಳ ಹಲಗೆಯ ಮೇಲೆ ಇವುಗಳನ್ನು ಊರಿ, ಬಣ್ಣಬಣ್ಣದ ತಂತಿಗಳಿಂದ ಜೋಡಿಸಿ, ಕೊನೆಗೆ ಕೆಂಪು ದೀಪ ಉರಿದಾಗ ಹಿಗ್ಗುತ್ತಿದ್ದರು. ನಾವೂ ಹಾಗೆಯೇ ಕಲಿತವರು.

ಈ ವಿಧಾನದ ಮಿತಿ ಬೇಗ ಗೊತ್ತಾಗುತ್ತದೆ. ನಾಲ್ಕಂಕೆಯ ಸಂಕಲಕಕ್ಕೆ ಹತ್ತಾರು ತಂತಿಗಳು ಬೇಕು. ಒಂದು ಸಡಿಲವಾದರೆ ಇಡೀ ಮಧ್ಯಾಹ್ನ ಹೋಯಿತು. ಕೈಗಾರಿಕೆಯಲ್ಲಂತೂ ಒಂದು ಚಿಪ್ಪಿನೊಳಗಿನ ದ್ವಾರಗಳು ಸಾವಿರಗಳನ್ನು ದಾಟಿ ಲಕ್ಷಗಳ ಕಡೆಗೆ ನಡೆದಿದ್ದುವು. ಅಷ್ಟನ್ನು ಕಾಗದದ ಮೇಲೆ ಚಿತ್ರಿಸುವುದು ಮನುಷ್ಯಮಾತ್ರರಿಂದ ಆಗದ ಕೆಲಸ. ಆದುದರಿಂದ ಮಂಡಲವನ್ನು ಚಿತ್ರಿಸುವ ಬದಲು ಮಾತಿನಲ್ಲಿ ವರ್ಣಿಸುವ ಭಾಷೆಗಳು ಹುಟ್ಟಿದುವು. ಇವೇ ಯಂತ್ರಾಂಶ ವರ್ಣನಾ ಭಾಷೆಗಳು.

ಇವುಗಳಲ್ಲಿ ಎರಡು ಪ್ರಸಿದ್ಧವಾಗಿವೆ. ‘ವಿ.ಎಚ್.ಡಿ.ಎಲ್.’ ಎಂಬುದು ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ 1983ರಿಂದ ರೂಪುಗೊಂಡು, 1987ರಲ್ಲಿ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯ ಮಾನ್ಯತೆಯನ್ನು ಪಡೆಯಿತು. ಇನ್ನೊಂದು ‘ವೆರಿಲಾಗ್’. ಇದನ್ನು 1984ರ ವೇಳೆಗೆ ಫಿಲ್ ಮೂರ್ಬಿ ಮತ್ತು ಪ್ರಭು ಗೋಯಲ್ ಎಂಬಿಬ್ಬರು ರಚಿಸಿದರು. ಇವರಲ್ಲಿ ಎರಡನೆಯವರು ನಮ್ಮ ದೇಶದ ಕಾನಪುರದ ಐ.ಐ.ಟಿ.ಯಲ್ಲಿ ಓದಿದವರು. 1995ರಲ್ಲಿ ವೆರಿಲಾಗಿಗೂ ಅದೇ ಸಂಸ್ಥೆಯ ಮಾನ್ಯತೆ ದೊರೆಯಿತು. ಪರಿಶೀಲನೆ, ತರ್ಕ ಎಂಬ ಅರ್ಥಗಳ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು ಅದಕ್ಕೆ ಹೆಸರಿಟ್ಟಿದ್ದಾರೆ. ಹೆಸರಿನಲ್ಲಿ ಪರಿಶೀಲನೆಯೇ ಮೊದಲು ಬಂದಿರುವುದನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 1985ರಲ್ಲಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆಯಿತು. ಆ ಮೇಲೆ ಅನೇಕ ಕಂಪನಿಗಳು ಅದೇ ದಾರಿಯನ್ನು ಹಿಡಿದುವು. ಹೀಗಾಗಿ ಚಿಪ್ಪುಗಳನ್ನು ಬರಹದಿಂದ ರಚಿಸುವ ವಿದ್ಯೆಯು ಕರ್ನಾಟಕದ ವಿದ್ಯಾರ್ಥಿಗಳಿಗೆ ದೂರದ ದೇಶದ ಸುದ್ದಿಯಾಗಿ ಉಳಿಯದೆ ಜೀವನೋಪಾಯದ ಮಾರ್ಗವೂ ಆಯಿತು.

ಬರಹವು ಮಂಡಲವಾಗುವ ಬಗೆ

ಮೇಲೆ ಹೇಳಿದ ಅರ್ಧ ಸಂಕಲಕವನ್ನು ವೆರಿಲಾಗಿನಲ್ಲಿ ಬರೆಯಲು ಮುಖ್ಯವಾಗಿ ಎರಡೇ ಸಾಲುಗಳು ಸಾಕು. ಒಳಬರುವ ತಂತಿಗಳು ಎರಡು, ಹೊರಹೋಗುವ ತಂತಿಗಳು ಎರಡು ಎಂದು ಮೊದಲು ಸಾರಿ, ಆಮೇಲೆ ‘ಮೊತ್ತವೆಂಬ ತಂತಿಯು ಈ ಎರಡರ ಭಿನ್ನತೆ’, ‘ಒಯ್ಯುವ ಅಂಕೆಯ ತಂತಿಯು ಇದೂ ಅದೂ’ ಎಂದು ಚಿಹ್ನೆಗಳಲ್ಲಿ ಬರೆದರೆ ಮುಗಿಯಿತು.

ಈ ಬರಹವನ್ನು ಎರಡು ರೀತಿಯಲ್ಲಿ ಉಪಯೋಗಿಸಬಹುದು. ಮೊದಲನೆಯದು ಅನುಕರಣೆ. ಗಣಕಯಂತ್ರವು ಆ ವರ್ಣನೆಯನ್ನು ಓದಿ, ಅಂಥ ಮಂಡಲವಿದ್ದಿದ್ದರೆ ಅದು ಹೇಗೆ ವರ್ತಿಸುತ್ತಿತ್ತೆಂಬುದನ್ನು ಪರದೆಯ ಮೇಲೆ ಅಲೆಗಳ ರೂಪದಲ್ಲಿ ತೋರಿಸುತ್ತದೆ. ಎರಡನೆಯದು ಸಂಯೋಜನೆ. ಇಲ್ಲಿ ಇನ್ನೊಂದು ತಂತ್ರಾಂಶವು ವರ್ಣನೆಯನ್ನು ನಿಜವಾದ ದ್ವಾರಗಳ ಜಾಲವನ್ನಾಗಿ ಮಾರ್ಪಡಿಸುತ್ತದೆ.

ಆ ಜಾಲಕ್ಕೆ ಪ್ರಯೋಗಶಾಲೆಯಲ್ಲಿ ದೇಹವನ್ನು ಕೊಡುವುದು ‘ಎಫ್.ಪಿ.ಜಿ.ಎ.’ ಎಂಬ ಚಿಪ್ಪು. ಇಂಥ ಮೊದಲ ಚಿಪ್ಪನ್ನು 1985ರಲ್ಲಿ ಜೈಲಿಂಕ್ಸ್ ಕಂಪನಿ ಹೊರತಂದಿತು. ಅದರಲ್ಲಿ ಇದ್ದುವು ಕೇವಲ 64 ತರ್ಕಖಂಡಗಳು. ಅದರ ಮರ್ಮ ಸರಳವಾದುದು. ನಾಲ್ಕು ತಂತಿಗಳು ಒಳಬರುವ ಒಂದು ಖಂಡವನ್ನು ಭಾವಿಸಿ. ನಾಲ್ಕು ತಂತಿಗಳ ಮೇಲೆ ಸೊನ್ನೆ ಒಂದುಗಳು 16 ವಿಧವಾಗಿ ಬರಬಹುದು. ಈ 16ಕ್ಕೂ ಉತ್ತರವೇನೆಂಬುದನ್ನು ಒಂದು ಸಣ್ಣ ಕೋಷ್ಟಕದಲ್ಲಿ ಬರೆದಿಟ್ಟರೆ ಆ ಖಂಡವು ನಾವು ಬಯಸಿದ ದ್ವಾರವಾಗುತ್ತದೆ. 16 ಮನೆಗಳನ್ನು ಸೊನ್ನೆ ಒಂದುಗಳಿಂದ ತುಂಬುವ ಬಗೆಗಳು 65,536. ಅಷ್ಟು ವಿಧದ ಮಂಡಲಗಳಲ್ಲಿ ಯಾವುದನ್ನು ಬೇಕಾದರೂ ಆ ಒಂದೇ ಖಂಡ ಆಗಬಲ್ಲದು! ಬೇಡವೆನಿಸಿದರೆ ಅಳಿಸಿ ಮತ್ತೊಮ್ಮೆ ತುಂಬಬಹುದು. ನಾವು ಚಿಕ್ಕಂದಿನಲ್ಲಿ ಬಳಪದಿಂದ ಬರೆದು ಅಳಿಸುತ್ತಿದ್ದ ಹಲಗೆಯಂತೆ ಇದೊಂದು ಮಂಡಲಗಳ ಹಲಗೆ.

ಆಜ್ಞೆಯಲ್ಲ, ವರ್ಣನೆ

ಈ ಭಾಷೆಗಳನ್ನು ಕಲಿಯುವವರು ಎಡವುವ ಜಾಗ ಒಂದೇ. ನೋಡುವುದಕ್ಕೆ ಇವು ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವ ಭಾಷೆಗಳಂತೆಯೇ ಕಾಣುತ್ತವೆ. ಕ್ರಮವಿಧಿ ಎಂದರೆ ಆಜ್ಞೆಗಳ ಪಟ್ಟಿ. ಮೊದಲನೆಯದಾದ ಮೇಲೆ ಎರಡನೆಯದು, ಅದಾದ ಮೇಲೆ ಮೂರನೆಯದು. ವರ್ಣನಾ ಭಾಷೆಯ ಸಾಲುಗಳು ಹಾಗಲ್ಲ. ಅವು ಇರುವ ವಸ್ತುಗಳನ್ನು ಹೇಳುತ್ತವೆ.

ನಮ್ಮ ಬೀದರಿನ ನೌಬಾದಿನಲ್ಲಿ ಬಹಮನಿಯರ ಕಾಲದ ಸುರಂಗ ಬಾವಿ ಇದೆ. ನೆಲದಡಿಯ ಸುರಂಗದಲ್ಲಿ ನೀರು ಹರಿಯುತ್ತದೆ. ಅಲ್ಲಲ್ಲಿ ಮೇಲಿನಿಂದ ಇಳಿದ ಬಾವಿಗಳು ಅದನ್ನು ಕೂಡುತ್ತವೆ. ಒಬ್ಬನು ಆ ಸುರಂಗವನ್ನು ಅಳೆದು ‘ಈ ಬಾವಿಗೆ ಆ ಕಾಲುವೆ ಕೂಡಿದೆ, ಆ ಕಾಲುವೆಗೆ ಈ ತೊಟ್ಟಿ ಕೂಡಿದೆ’ ಎಂದು ಪಟ್ಟಿ ಬರೆಯುತ್ತಾನೆಂದು ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಕೊನೆಯ ಬಾವಿಯನ್ನು ಮೊದಲು ಬರೆದರೆ ನೀರು ಹಿಂದಕ್ಕೆ ಹರಿಯುವುದೇ? ಇಲ್ಲ. ಸುರಂಗದ ಎಲ್ಲ ಭಾಗಗಳಲ್ಲಿಯೂ ನೀರು ಏಕಕಾಲದಲ್ಲಿ ಹರಿಯುತ್ತಿರುತ್ತದೆ. ಪಟ್ಟಿಯ ಕ್ರಮ ಬರೆದವನದು; ನೀರಿನದಲ್ಲ. ಅರ್ಧ ಸಂಕಲಕದ ಎರಡು ಸಾಲುಗಳನ್ನು ಅದಲುಬದಲು ಮಾಡಿ ಬರೆದರೂ ಮಂಡಲ ಅದೇ ಆಗಿರುತ್ತದೆ.

ಇನ್ನೊಂದು ನಿದರ್ಶನ. ‘ಅ’ ಮತ್ತು ‘ಇ’ ಎಂಬ ಎರಡು ಸ್ಮೃತಿಕೋಶಗಳಲ್ಲಿರುವ ಅಂಕೆಗಳನ್ನು ಪರಸ್ಪರ ಬದಲಾಯಿಸಬೇಕಾಗಿದೆ. ಸಾಮಾನ್ಯ ಕ್ರಮವಿಧಿಯಲ್ಲಿ ‘ಅ’ದೊಳಗೆ ‘ಇ’ಯನ್ನು ಹಾಕಿ, ಆಮೇಲೆ ‘ಇ’ಯೊಳಗೆ ‘ಅ’ವನ್ನು ಹಾಕಿದರೆ, ಎರಡರಲ್ಲಿಯೂ ಒಂದೇ ಅಂಕೆ ಉಳಿದು ಇನ್ನೊಂದು ನಾಶವಾಗುತ್ತದೆ, ಮೂರನೆಯ ಪಾತ್ರೆಯೊಂದು ಬೇಕು. ವೆರಿಲಾಗಿನಲ್ಲಿ ಇದಕ್ಕಾಗಿ ಇರುವ ವಿಶೇಷ ಚಿಹ್ನೆಯಿಂದ ಬರೆದರೆ, ಗಡಿಯಾರದ ಸ್ಪಂದ ಬಂದ ಕ್ಷಣದಲ್ಲಿ ಎರಡೂ ಕೋಶಗಳು ಒಮ್ಮೆಗೇ ಹೊಸ ಅಂಕೆಗಳನ್ನು ತೆಗೆದುಕೊಳ್ಳುತ್ತವೆ. ಸೀಟಿ ಊದಿದೊಡನೆ ಇಬ್ಬರು ಹುಡುಗರು ಒಬ್ಬರ ಜಾಗಕ್ಕೆ ಒಬ್ಬರು ಜಿಗಿದಂತೆ ಇದು. ಮೂರನೆಯ ಜಾಗದ ಅಗತ್ಯವಿಲ್ಲ.

ಗಡಿಯಾರವೆಂದೆವಷ್ಟೆ. ಕಾಲೇಜುಗಳಲ್ಲಿ ಬಳಸುವ ಅನೇಕ ಹಲಗೆಗಳ ಗಡಿಯಾರವು ಸೆಕೆಂಡಿಗೆ 5 ಕೋಟಿ ಸ್ಪಂದಗಳನ್ನು ಕೊಡುತ್ತದೆ. ಒಂದು ಸ್ಪಂದದಿಂದ ಇನ್ನೊಂದಕ್ಕೆ ಇರುವ ಅವಕಾಶ ಸೆಕೆಂಡಿನ 5 ಕೋಟಿಯಲ್ಲಿ ಒಂದು ಭಾಗ. ಅಷ್ಟರೊಳಗೆ ಬೆಳಕು ಕೂಡ ಆರು ಮೀಟರಿಗಿಂತ ಹೆಚ್ಚು ದೂರ ಹೋಗಲಾರದು. ಆ ಅವಧಿಯಲ್ಲಿ ವಿದ್ಯುತ್ ಸಂಕೇತವು ಎಲ್ಲ ದ್ವಾರಗಳನ್ನೂ ದಾಟಿ ನೆಲೆಗೊಳ್ಳಬೇಕು. ಕಾಗದದ ಮೇಲಿನ ತರ್ಕಕ್ಕೆ ಕಾಲವಿಲ್ಲ. ತಾಮ್ರದ ಮತ್ತು ಸಿಲಿಕಾನಿನ ತರ್ಕಕ್ಕೆ ಕಾಲವುಂಟು. ಭೌತಶಾಸ್ತ್ರದ ಅಧ್ಯಾಪಕರಾದ ನಮಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಇಲ್ಲಿಂದಲೇ.

ಏಳು ಸೆಕೆಂಡು ನಿಂತ ಒಂಬತ್ತು

ಈಗ ನಮ್ಮದೇ ಒಂದು ಅನುಭವವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಮೂವರು ವಿದ್ಯಾರ್ಥಿಗಳು ವಿಜ್ಞಾನ ಪ್ರದರ್ಶನಕ್ಕಾಗಿ ಸೆಕೆಂಡುಗಳನ್ನು ಎಣಿಸುವ ಒಂದು ಯಂತ್ರವನ್ನು ಮಾಡಲು ಹೊರಟರು. ಸೊನ್ನೆಯಿಂದ ಒಂಬತ್ತರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುವ, ಏಳು ಬೆಳಕಿನ ಗೀಟುಗಳಲ್ಲಿ ಅಂಕೆಯನ್ನು ತೋರಿಸುವ ಯಂತ್ರ. ಒಬ್ಬಾಕೆ ಪ್ರತಿದಿನ ಔರಾದಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಉಳಿದಿಬ್ಬರು ಊರಿನವರು. ಹಲಗೆಯನ್ನು ಎರಡು ದಿನದ ಮಟ್ಟಿಗೆ ಎರವಲಾಗಿ ತಂದಿದ್ದರು. ಅದು ಬರುವ ಮೊದಲೇ ಉಚಿತವಾಗಿ ಸಿಗುವ ತಂತ್ರಾಂಶದಲ್ಲಿ ಅನುಕರಣೆ ಮಾಡಿ ನಮಗೆ ತೋರಿಸಿದರು. ಹತ್ತು ಸ್ಪಂದಗಳು, ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕೆಗಳು. ಎಲ್ಲವೂ ಕ್ರಮವಾಗಿ ಬಂದುವು. ‘ಸರಿಯಾಗಿದೆ’ ಎಂದು ನಾವು ಹೇಳಿದೆವು.

ಪ್ರದರ್ಶನದ ಹಿಂದಿನ ಸಂಜೆ ಹಲಗೆಗೆ ಅದನ್ನು ಇಳಿಸಿದಾಗ ಅಂಕೆಗಳು ಸೆಕೆಂಡಿಗೊಂದರಂತೆ ಏರಿ ಒಂಬತ್ತಕ್ಕೆ ಬಂದು ನಿಂತುಬಿಟ್ಟುವು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಸೊನ್ನೆಗೆ ಬಂದು ಮತ್ತೆ ಎಣಿಸಿ ಮತ್ತೆ ಒಂಬತ್ತರಲ್ಲಿ ನಿಂತುವು. ಹಲಗೆ ಕೆಟ್ಟಿದೆ ಎಂದರು ಒಬ್ಬರು. ತಂತಿ ಸಡಿಲವೆಂದು ಇನ್ನೊಬ್ಬರು ಬದಲಾಯಿಸಿ ನೋಡಿದರು. ಚಿಪ್ಪು ಬಿಸಿಯಾಗಿರಬಹುದೆಂದು ನಾವೂ ಊಹಿಸಿದೆವು. ಕತ್ತಲಾಗುತ್ತಿತ್ತು, ಔರಾದಿನ ಬಸ್ಸಿನ ಹೊತ್ತಾಗುತ್ತಿತ್ತು. ನಾಳೆ ಯಂತ್ರವಿಲ್ಲದೆ ಬರಿಯ ಚಿತ್ರಪಟವನ್ನು ತೂಗುಹಾಕೋಣವೆಂದು ಹುಡುಗರು ನಿರಾಶರಾಗಿ ಹೇಳಿದರು.

ಆಗ ಆ ಹುಡುಗಿ ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟು ಎಣಿಸತೊಡಗಿದಳು. ಒಂಬತ್ತು ನಿಂತದ್ದು ಏಳು ಸೆಕೆಂಡು. ಇನ್ನೊಮ್ಮೆ ಎಣಿಸಿದಳು, ಏಳು. ಮತ್ತೊಮ್ಮೆಯೂ ಏಳು. ‘ಸಡಿಲವಾದ ತಂತಿ ಇಷ್ಟು ಲೆಕ್ಕವಾಗಿ ಕೆಡುವುದಿಲ್ಲ, ಸರ್’ ಎಂದಳು. ಆ ಮಾತು ನಮಗೆ ಪಾಠವಾಯಿತು. ದೋಷವು ಕ್ರಮಬದ್ಧವಾಗಿದ್ದರೆ ಕಾರಣವೂ ಕ್ರಮಬದ್ಧವಾಗಿರಲೇಬೇಕು.

ಹದಿನಾರರಲ್ಲಿ ಒಂಬತ್ತನ್ನು ಕಳೆದರೆ ಏಳು! ನಾಲ್ಕು ಸ್ಮೃತಿಕೋಶಗಳ ಎಣಿಕೆಯಂತ್ರವು ಸ್ವಭಾವತಃ ಸೊನ್ನೆಯಿಂದ ಹದಿನೈದರವರೆಗೆ ಹದಿನಾರು ಹಂತಗಳನ್ನು ಎಣಿಸುತ್ತದೆ. ಒಂಬತ್ತಾದೊಡನೆ ಸೊನ್ನೆಗೆ ಮರಳಬೇಕೆಂಬ ಸಾಲನ್ನು ಮಕ್ಕಳು ಬರೆಯಲು ಮರೆತಿದ್ದರು. ಅದು ಒಳಗೊಳಗೆ ಹತ್ತು, ಹನ್ನೊಂದು ಎಂದು ಎಣಿಸುತ್ತಲೇ ಇತ್ತು. ಆದರೆ ಅಂಕೆಗಳನ್ನು ಗೀಟುಗಳನ್ನಾಗಿ ಮಾಡುವ ಭಾಗದಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಸಂದರ್ಭಗಳನ್ನು ಮಾತ್ರ ವಿವರಿಸಿ, ಉಳಿದ ಆರರ ವಿಷಯದಲ್ಲಿ ಏನನ್ನೂ ಹೇಳಿರಲಿಲ್ಲ.

ಏನನ್ನೂ ಹೇಳದಿದ್ದರೆ ಮಂಡಲ ಏನು ಮಾಡಬೇಕು? ಈ ಭಾಷೆಯ ವಿಶೇಷವಿರುವುದು ಇಲ್ಲಿ. ಹೊಸದಾಗಿ ಏನೂ ಹೇಳಿಲ್ಲವಾದರೆ ಹಳೆಯದೇ ಇರಲಿ ಎಂದು ಅರ್ಥ. ಹಳೆಯದು ಇರಬೇಕಾದರೆ ಅದನ್ನು ನೆನಪಿಡುವ ಕೋಶ ಬೇಕು. ಆದುದರಿಂದ ಸಂಯೋಜಕ ತಂತ್ರಾಂಶವು ಯಾರೂ ಕೇಳದಿದ್ದ ಸ್ಮೃತಿಕೋಶಗಳನ್ನು ತಾನಾಗಿಯೇ ಸೇರಿಸಿಬಿಟ್ಟಿತ್ತು. ಯಂತ್ರಾಂಶದ ಭಾಷೆಯಲ್ಲಿ ಮೌನವೆಂದರೆ ನೆನಪು. ಹತ್ತರಿಂದ ಹದಿನೈದರವರೆಗೂ ಪರದೆಯು ತಾನು ಕೊನೆಗೆ ಕಂಡ ಒಂಬತ್ತನ್ನೇ ನೆನೆದು ನಿಂತಿತ್ತು. ಒಂಬತ್ತರದೇ ಒಂದು ಸೆಕೆಂಡು, ಉಳಿದವುಗಳ ಆರು, ಒಟ್ಟು ಏಳು.

ಹಾಗಾದರೆ ಅನುಕರಣೆಯಲ್ಲಿ ಇದು ಏಕೆ ಕಾಣಲಿಲ್ಲ? ಹತ್ತನೆಯ ಅಂಕೆ ಬಂದೊಡನೆ ನಾವು ನೋಡುವುದನ್ನು ನಿಲ್ಲಿಸಿದ್ದೆವು. ಇನ್ನೊಂದೇ ಸ್ಪಂದವನ್ನು ಕೊಟ್ಟಿದ್ದರೆ ಒಂಬತ್ತಾದ ಮೇಲೆ ಒಂಬತ್ತೇ ಬಂದು ತಪ್ಪು ಬಯಲಾಗುತ್ತಿತ್ತು. ಅಲ್ಲದೆ ತಂತ್ರಾಂಶವು ಸಂಯೋಜನೆಯ ಕಾಲದಲ್ಲಿ ‘ಇಲ್ಲಿ ಸ್ಮೃತಿಕೋಶವನ್ನು ಊಹಿಸಲಾಗಿದೆ’ ಎಂದು ಎಚ್ಚರಿಕೆಯನ್ನೂ ಕೊಟ್ಟಿತ್ತು. ನೂರಾರು ಸಾಲುಗಳ ನಡುವೆ ಅದನ್ನು ಯಾರೂ ಓದಿರಲಿಲ್ಲ. ತಪ್ಪುಗಳು ಎರಡು: ಎಣಿಕೆಯಲ್ಲಿ ಮರೆವು, ವರ್ಣನೆಯಲ್ಲಿ ಮೌನ. ಎರಡನೆಯದು ಮೊದಲನೆಯದನ್ನು ಮುಚ್ಚಿಟ್ಟಿತು. ಮೂರನೆಯ ತಪ್ಪು ನಮ್ಮದು. ಪೂರ್ತಿ ನೋಡದೆ ಸರಿಯೆಂದವರು ನಾವೇ ಅಲ್ಲವೆ?

ಒಂಬತ್ತಾದ ಮೇಲೆ ಸೊನ್ನೆಗೆ ಬಾ ಎಂದು ಒಂದು ಸಾಲು, ಉಳಿದ ಎಲ್ಲ ಸಂದರ್ಭಗಳಲ್ಲಿ ಗೀಟುಗಳು ಆರಿರಲಿ ಎಂದು ಇನ್ನೊಂದು ಸಾಲು ಬರೆದೆವು. ಎಣಿಕೆ ಸರಿಹೋಯಿತು. ಔರಾದಿನ ಕೊನೆಯ ಬಸ್ಸೂ ಸಿಕ್ಕಿತು.

ದೊಡ್ಡವರ ಮರೆವು

ಇದನ್ನು ಮಕ್ಕಳ ಅಜಾಗರೂಕತೆ ಎಂದು ತಳ್ಳಿಹಾಕುವಂತಿಲ್ಲ. 1994ರಲ್ಲಿ ಅಮೆರಿಕದ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಎಂಬವರು ತಮ್ಮ ಲೆಕ್ಕಗಳಲ್ಲಿ ಒಂದು ವ್ಯತ್ಯಾಸವನ್ನು ಕಂಡು, ಅದರ ಜಾಡನ್ನು ಹಿಡಿದು ಹೋಗಿ, ಇಂಟೆಲ್ ಕಂಪನಿಯ ಹೆಸರಾಂತ ಪೆಂಟಿಯಂ ಚಿಪ್ಪು ಭಾಗಾಕಾರದಲ್ಲಿ ತಪ್ಪುತ್ತಿರುವುದನ್ನು ಪತ್ತೆಮಾಡಿದರು. 41,95,835ನ್ನು 31,45,727ರಿಂದ ಭಾಗಿಸಿದರೆ 1.33382 ಬರಬೇಕು, ಆ ಚಿಪ್ಪು 1.33373 ಎನ್ನುತ್ತಿತ್ತು. ಭಾಗಾಕಾರಕ್ಕಾಗಿ ಚಿಪ್ಪಿನೊಳಗೆ ಇಟ್ಟಿದ್ದ 1,066 ಮನೆಗಳ ಕೋಷ್ಟಕದಲ್ಲಿ ಐದು ಮನೆಗಳು ಖಾಲಿ ಉಳಿದಿದ್ದುವು. ನಮ್ಮ ಮಕ್ಕಳು ಆರು ಸಂದರ್ಭಗಳನ್ನು ಮರೆತರೆ ಅಲ್ಲಿ ಐದು! ಕಂಪನಿಯು ಚಿಪ್ಪುಗಳನ್ನು ಬದಲಾಯಿಸಿಕೊಡಬೇಕಾಗಿ ಬಂದು 47.5 ಕೋಟಿ ಡಾಲರುಗಳ ನಷ್ಟವನ್ನು ಲೆಕ್ಕಕ್ಕೆ ಬರೆಯಿತು.

ಎಲ್ಲ ಸಂದರ್ಭಗಳನ್ನೂ ಪರೀಕ್ಷಿಸಿಬಿಟ್ಟರೆ ಆಯಿತಲ್ಲವೆ ಎಂದು ಕೇಳಬಹುದು. ತಲಾ 32 ದ್ವಿಮಾನಾಂಕಗಳ ಎರಡು ಸಂಖ್ಯೆಗಳನ್ನು ಕೂಡುವ ಯಂತ್ರವನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ 100 ಕೋಟಿ ಪರೀಕ್ಷೆಗಳನ್ನು ಮಾಡುತ್ತ ಹೋದರೂ ಎಲ್ಲ ಜೋಡಿಗಳು ಮುಗಿಯಲು ಸುಮಾರು 584 ವರ್ಷಗಳು ಹಿಡಿಯುತ್ತವೆ. ಬೀದರಿನಲ್ಲಿ ಮಹಮೂದ ಗವಾನನು ಮದರಸವನ್ನು ಕಟ್ಟಿಸಿದ 1472ರಲ್ಲಿ ಪರೀಕ್ಷೆಯನ್ನು ಆರಂಭಿಸಿದ್ದರೆ ಅದು ಇನ್ನೂ ನಡೆಯುತ್ತಲೇ ಇರುತ್ತಿತ್ತು! ಆದುದರಿಂದ ಯಾವ ಸಂದರ್ಭಗಳನ್ನು ಪರೀಕ್ಷಿಸಬೇಕೆಂದು ಆರಿಸುವುದೇ ಒಂದು ವಿದ್ಯೆ. ಅಂಚುಗಳನ್ನು ನೋಡಬೇಕು: ಒಂಬತ್ತಾದ ಮೇಲಿನ ಸ್ಪಂದವನ್ನು, ತುಂಬಿದ ಮೇಲಿನ ಹನಿಯನ್ನು. ವೆರಿಲಾಗಿನ ಹೆಸರಿನಲ್ಲಿ ಪರಿಶೀಲನೆಯೇ ಮೊದಲು ನಿಂತಿರುವುದು ಎಷ್ಟು ಉಚಿತವೆಂಬುದು ಈಗ ತಿಳಿಯುತ್ತದೆ.

ಯಾವುದು ಮೊದಲು?

ಮೈಲೂರ ರಸ್ತೆಯಲ್ಲಿ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜು 1980ರಿಂದ ಇದೆ. ಭಾಲ್ಕಿಯಲ್ಲಿಯೂ ಒಂದು ಇಂಜಿನಿಯರಿಂಗ್ ಕಾಲೇಜುಂಟು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಬೆಳಗಾವಿಯಲ್ಲಿ ಸ್ಥಾಪನೆಯಾದ ಮೇಲೆ ರಾಜ್ಯದ ಇಂಥ ಕಾಲೇಜುಗಳಿಗೆಲ್ಲ ಸಮಾನ ಪಠ್ಯಕ್ರಮ ಬಂದಿತು. ಆ ವಿಶ್ವವಿದ್ಯಾಲಯದ 2006ರ ಪಠ್ಯಕ್ರಮದಲ್ಲಿ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಮೂರನೆಯ ಸೆಮಿಸ್ಟರಿನಲ್ಲಿ ತರ್ಕವಿನ್ಯಾಸವನ್ನು ಕಲಿತು, ನಾಲ್ಕನೆಯದರಲ್ಲಿ ವರ್ಣನಾ ಭಾಷೆಗಳನ್ನು ಬೇರೆಯಾಗಿ ಕಲಿಯುತ್ತಿದ್ದರು. 2022ರ ಪಠ್ಯಕ್ರಮದಲ್ಲಿ ಎರಡನ್ನೂ ಬೆಸೆದು, ವೆರಿಲಾಗಿನ ಮೂಲಕವೇ ಅಂಕೀಯ ವಿನ್ಯಾಸವನ್ನು ಕಲಿಸುವ ಒಂದೇ ವಿಷಯವನ್ನು ಮೂರನೆಯ ಸೆಮಿಸ್ಟರಿನಲ್ಲಿ ಇಟ್ಟಿದ್ದಾರೆ. ಮೊದಲು ತಂತಿ, ಆಮೇಲೆ ಬರಹ ಎಂಬ ಹಳೆಯ ಕ್ರಮ ಹೋಗಿ ಎರಡೂ ಒಟ್ಟಿಗೆ ಬಂದಿವೆ.

ಇದರಿಂದ ಆಗುವ ಲಾಭ ಸಣ್ಣದಲ್ಲ. ಐಕಾರಸ್ ವೆರಿಲಾಗ್ ಎಂಬ ಅನುಕರಣ ತಂತ್ರಾಂಶವೂ, ಅಲೆಗಳನ್ನು ತೋರಿಸುವ ಜಿ.ಟಿ.ಕೆ. ವೇವ್ ಎಂಬುದೂ ಉಚಿತವಾಗಿ ಸಿಗುತ್ತವೆ. ಸಾಧಾರಣವಾದ ಹಳೆಯ ಗಣಕಯಂತ್ರದಲ್ಲಿಯೂ ನಡೆಯುತ್ತವೆ. ಬೆಲೆಬಾಳುವ ಉಪಕರಣಗಳಿಲ್ಲದ ಊರಿನ ವಿದ್ಯಾರ್ಥಿಯೂ ದೊಡ್ಡ ನಗರದ ವಿದ್ಯಾರ್ಥಿಯಂತೆಯೇ ಒಂದು ಸಂಸ್ಕಾರಕವನ್ನು ರಚಿಸಿ ನೋಡಬಹುದು. ಮದರಾಸಿನ ಐ.ಐ.ಟಿ.ಯವರು ‘ಶಕ್ತಿ’ ಎಂಬ ಸಂಸ್ಕಾರಕಗಳ ವರ್ಣನೆಯನ್ನು ಯಾರು ಬೇಕಾದರೂ ಓದುವಂತೆ ಮುಕ್ತವಾಗಿ ಇಟ್ಟಿದ್ದಾರೆ. 2018ರಲ್ಲಿ ಅದರ ಒಂದು ರೂಪವನ್ನು ಚಂಡೀಗಢದ ಅರೆವಾಹಕ ಪ್ರಯೋಗಾಲಯದಲ್ಲಿ ಚಿಪ್ಪಾಗಿ ತಯಾರಿಸಿದರು. ಬರಹವು ಸಿಲಿಕಾನಾಗುವ ಇಡೀ ದಾರಿ ನಮ್ಮ ದೇಶದಲ್ಲಿಯೇ ಇದೆ ಎಂದಾಯಿತು.

ಅಪಾಯವೂ ಅಷ್ಟೇ ನಿಜ. ಪರೀಕ್ಷೆಗೆ ಬರುವ ಹತ್ತು ಹದಿನೈದು ಬರಹಗಳನ್ನು ಬಾಯಿಪಾಠ ಮಾಡಿ, ಬೆರಳಚ್ಚು ಮಾಡಿ, ಅಲೆಗಳನ್ನು ತೋರಿಸಿ ಅಂಕಗಳನ್ನು ಪಡೆಯುವುದು ಸಾಧ್ಯ. ಅಂಥವನು ಬರೆದದ್ದರಲ್ಲಿ ಎಷ್ಟು ದ್ವಾರಗಳಿವೆ, ಎಷ್ಟು ಸ್ಮೃತಿಕೋಶಗಳಿವೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಸಡಿಲವಾದ ತಂತಿ ಕಲಿಸುತ್ತಿದ್ದ ಒಂದು ಪಾಠ ಬರಹದಲ್ಲಿ ಕಳೆದುಹೋಗುವ ಭಯವಿದೆ: ಪ್ರತಿಯೊಂದು ಸಾಲಿನ ಹಿಂದೆಯೂ ಒಂದು ವಸ್ತು ಇದೆ ಎಂಬ ಪಾಠ.

ಆ ಸಂಜೆಯಿಂದ ನಾವು ಒಂದು ಕ್ರಮವನ್ನು ಇಟ್ಟುಕೊಂಡಿದ್ದೇವೆ. ಮೊದಲ ವಾರ ಭಾಷೆಯ ಸುದ್ದಿಯೇ ಇಲ್ಲ. ಎರಡು ಚಿಪ್ಪು, ಹಲಗೆ, ತಂತಿ, ಅರ್ಧ ಸಂಕಲಕ. ಅನಂತರ ಅದನ್ನೇ ಎರಡು ಸಾಲುಗಳಲ್ಲಿ ಬರೆಯಿಸುತ್ತೇವೆ. ಆಮೇಲೆ ಯಾವುದನ್ನು ಬರೆದರೂ ಅದಕ್ಕೆ ಮೊದಲು ಕಾಗದದ ಮೇಲೆ ಮಂಡಲದ ಚಿತ್ರ ಬಂದಿರಬೇಕು. ಅದರಲ್ಲಿ ಎಷ್ಟು ಸ್ಮೃತಿಕೋಶಗಳೆಂದು ಬರೆದಿರಬೇಕು. ತಂತ್ರಾಂಶ ಕೊಡುವ ಲೆಕ್ಕವೂ ವಿದ್ಯಾರ್ಥಿಯ ಲೆಕ್ಕವೂ ಒಂದೇ ಆದರೆ ಮುಂದಿನ ಹೆಜ್ಜೆ. ಇಲ್ಲವಾದರೆ ಕಾರಣವನ್ನು ಹುಡುಕಬೇಕು. ಒಬ್ಬನು ಬರೆದದ್ದನ್ನು ಇನ್ನೊಬ್ಬನು ಪರೀಕ್ಷಿಸಬೇಕು. ಏಕೆಂದರೆ ಬರೆದವನು ಮರೆತ ಸಂದರ್ಭವನ್ನು ಪರೀಕ್ಷಿಸುವಾಗಲೂ ಮರೆಯುವುದು ಮನುಷ್ಯಸ್ವಭಾವ. ಈ ಕ್ರಮದಿಂದ ಪಾಠಗಳು ನಿಧಾನವಾಗುತ್ತವೆ ನಿಜ. ಆದರೆ ಹಲಗೆ ಕೆಟ್ಟಿದೆಯೆಂಬ ದೂರು ಕಡಿಮೆಯಾಗಿದೆ.

ಆಸಕ್ತಿಯುಳ್ಳ ವಾಚಕರು ಒಂದು ಕೆಲಸವನ್ನು ಮಾಡಿ ನೋಡಬಹುದು. ಮನೆಯ ಮೇಲಿನ ನೀರಿನ ತೊಟ್ಟಿಯ ತಳದಲ್ಲೊಂದು, ಅಂಚಿನಲ್ಲೊಂದು ಸಂವೇದಕವಿದೆಯೆಂದು ಭಾವಿಸಿ. ತಳ ಒಣಗಿದರೆ ಪಂಪು ನಡೆಯಬೇಕು. ಅಂಚು ತೊಯ್ದರೆ ನಿಲ್ಲಬೇಕು. ನೀರು ಎರಡರ ನಡುವೆ ಇದ್ದಾಗ? ತುಂಬುತ್ತಿದ್ದರೆ ನಡೆಯುತ್ತಲೇ ಇರಬೇಕು. ಖರ್ಚಾಗುತ್ತಿದ್ದರೆ ನಿಂತೇ ಇರಬೇಕು. ಅಂದರೆ ಇಲ್ಲಿ ಹಳೆಯ ಸ್ಥಿತಿಯ ನೆನಪು ನಿಜವಾಗಿಯೂ ಬೇಕು. ಎಣಿಕೆಯಂತ್ರದಲ್ಲಿ ದೋಷವಾಗಿದ್ದ ಅದೇ ಸ್ಮೃತಿಕೋಶವು ಪಂಪಿನಲ್ಲಿ ಗುಣವಾಗುತ್ತದೆ. ತಳ ಒಣಗಿಯೂ ಅಂಚು ತೊಯ್ದೂ ಇದೆಯೆಂದು ಸಂವೇದಕಗಳು ಹೇಳಿದರೆ ಏನು ಮಾಡಬೇಕೆಂಬುದನ್ನೂ ಯೋಚಿಸಿ; ಅಂಥ ತೊಟ್ಟಿ ಇರಲಾರದು, ಆದರೆ ಕೆಟ್ಟ ಸಂವೇದಕ ಇರಬಹುದು. ನಾಲ್ಕು ಸಂದರ್ಭಗಳನ್ನೂ ಕಾಗದದ ಮೇಲೆ ಬರೆದು, ಪ್ರತಿಯೊಂದಕ್ಕೂ ಉತ್ತರವನ್ನು ಕೊಟ್ಟ ಮೇಲೆಯೇ ಗಣಕಯಂತ್ರದ ಮುಂದೆ ಕುಳಿತುಕೊಳ್ಳಿ.

ಕೋಟೆಯನ್ನು ಕಟ್ಟಿದವರು ಶತ್ರು ಬರಬಹುದಾದ ಪ್ರತಿಯೊಂದು ದಿಕ್ಕನ್ನೂ ನೆನೆದು ಬಾಗಿಲನ್ನಿಟ್ಟರು. ಒಂದು ದಿಕ್ಕನ್ನು ಮರೆತಿದ್ದರೆ ಉಳಿದ ಬಾಗಿಲುಗಳ ಭದ್ರತೆ ವ್ಯರ್ಥವಾಗುತ್ತಿತ್ತು. ತರ್ಕದ್ವಾರಗಳನ್ನು ಬರೆಯುವವರಿಗೂ ಅದೇ ಎಚ್ಚರ ಬೇಕು. ಕಲ್ಲಿನ ಬದಲು ಇಲ್ಲಿ ಅಕ್ಷರಗಳಿವೆ, ಅಷ್ಟೆ.